ಪಂಚೆಯೂ ಬೂದು, ಎಮ್ಮೆಯೂ ಬೂದು

ಪೆಂಟಾಕ್ಸ್ ಕೆ1000 ಎಂಬ ಕ್ಯಾಮೆರಾದಲ್ಲಿ ಏನೇನಿದೆ ಎನ್ನುವುದಕ್ಕಿಂತ ಏನೇನಿಲ್ಲ ಎಂದು ಹೇಳುವುದೇ ಸುಲಭ. ತಾನಾಗಿ ಫೋಕಸ್ ಆಗುವುದಿಲ್ಲ. ರೀಲು ಸುತ್ತಲು ಮೋಟಾರಿಲ್ಲ. ಮೈಯೊಳಗೆ ಫ್ಲ್ಯಾಶ್ ಇಲ್ಲ. ಗುಂಡಿ ಒತ್ತಿ ಓಡಿಹೋಗಿ ಮನೆಮಂದಿಯ ನಡುವೆ ನಿಂತುಕೊಳ್ಳೋಣವೆಂದರೆ ಸೆಲ್ಫ್ ಟೈಮರ್ ಕೂಡ ಇಲ್ಲ. ಬೆಳಕು ಅಳೆಯುವ ಮೀಟರನ್ನು ಆರಿಸಲು ಒಂದು ಸ್ವಿಚ್ಚನ್ನಾದರೂ ಇಡಬಹುದಿತ್ತು, ಅದನ್ನೂ ಇಟ್ಟಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲು ಮಾಡಿದರೆ ಮೀಟರ್ ಸುಮ್ಮನಾಗುತ್ತದೆ, ಅಷ್ಟೆ. ಮುಚ್ಚಳ ಮರೆತರೆ ಬ್ಯಾಟರಿ ಖಾಲಿ.

ಇಷ್ಟೆಲ್ಲ ಇಲ್ಲಗಳ ಈ ಕ್ಯಾಮೆರಾ 1976ರಲ್ಲಿ ಬಂದು 1997ರವರೆಗೆ ತಯಾರಾಗುತ್ತಲೇ ಇತ್ತು. ಮಾರಾಟವಾದದ್ದು ಮೂವತ್ತು ಲಕ್ಷಕ್ಕೂ ಹೆಚ್ಚು.

ಮಾಡಿದ್ದು ಜಪಾನಿನ ಅಸಾಹಿ ಆಪ್ಟಿಕಲ್ ಕಂಪನಿ. ಅದುವರೆಗೆ ಅದರ ಲೆನ್ಸುಗಳನ್ನು ಬಾಟಲಿಯ ಮುಚ್ಚಳದಂತೆ ಸುತ್ತು ಸುತ್ತಾಗಿ ತಿರುಗಿಸಿ ಕೂರಿಸಬೇಕಿತ್ತು. 1975ರಲ್ಲಿ ಕೆ ಮೌಂಟ್ ಬಂದ ಮೇಲೆ ತುಸು ತಿರುವಿದರೆ ಕಟ್ ಎಂದು ಕೂರತೊಡಗಿದವು. ಆ ಸಾಲಿನ ಮೊದಲ ಮೂರು ಮಾದರಿಗಳು ಕೆ2, ಕೆಎಕ್ಸ್, ಕೆಎಂ. ಮರುವರ್ಷ ಕೆಎಂನಿಂದ ಒಂದೆರಡು ಸೌಲಭ್ಯ ಕಿತ್ತುಹಾಕಿ, ಬೆಲೆ ಇಳಿಸಿ ಹೊರತಂದದ್ದೇ ಕೆ1000. ಸೌಲಭ್ಯ ಹೆಚ್ಚಿದ್ದ ಅಣ್ಣಂದಿರು ಕೆಲವೇ ವರ್ಷಗಳಲ್ಲಿ ಅಂಗಡಿಯಿಂದ ಮರೆಯಾದರು. ಬಡ ತಮ್ಮ ಇಪ್ಪತ್ತೊಂದು ವರ್ಷ ದುಡಿದ. ತಯಾರಿಕೆ ಜಪಾನಿನಿಂದ ಹಾಂಗ್‌ಕಾಂಗ್‌ಗೆ, ಅಲ್ಲಿಂದ ಚೀನಾಕ್ಕೆ ಹೋಯಿತು. ಕೊನೆಕೊನೆಯವಕ್ಕೆ ಮೇಲಿನ ತಗಡಿನ ಬದಲು ಪ್ಲಾಸ್ಟಿಕ್ ಹೊದಿಕೆ ಬಂತು. ಹಾಗಾಗಿಯೇ ‘ಅಸಾಹಿ’ ಎಂದು ಕೆತ್ತಿರುವ ಹಳೆಯವನ್ನೇ ಜನ ಈಗಲೂ ಹುಡುಕುತ್ತಾರೆ. ಅಮೆರಿಕದ ಶಾಲಾ ಕಾಲೇಜುಗಳಲ್ಲಿ ಫೋಟೋಗ್ರಫಿ ಪಾಠ ಹೇಳುವ ಮೇಷ್ಟರುಗಳಿಗೆ ಇದು ಅಚ್ಚುಮೆಚ್ಚಾಗಿತ್ತು. ಕ್ಯಾಮೆರಾ ತಾನಾಗಿ ಏನನ್ನೂ ಮಾಡದಿದ್ದರೆ ಹುಡುಗರು ಕಲಿಯಲೇಬೇಕಲ್ಲ.

ಇದರಲ್ಲಿ ಬ್ಯಾಟರಿ ಇದೆ, ನಿಜ. ಆದರೆ ಅಂಗಿಗುಂಡಿಯಷ್ಟು ಗಾತ್ರದ ಆ ಬ್ಯಾಟರಿಗೆ ಇರುವುದು ಒಂದೇ ಕೆಲಸ, ಮೀಟರಿನ ಮುಳ್ಳು ಆಡಿಸುವುದು. ಅದು ಸತ್ತರೂ ಕ್ಯಾಮೆರಾ ಎಂದಿನಂತೆ ಫೋಟೋ ಹೊಡೆಯುತ್ತದೆ. ಶಟರ್ ಓಡುವುದು ಸ್ಪ್ರಿಂಗಿನ ಬಲದಿಂದ. ರೀಲು ಮುಂದೆ ಸುತ್ತಲು ಹೆಬ್ಬೆರಳಿನಿಂದ ಸನ್ನೆ ಎಳೆದಾಗ ಆ ಸ್ಪ್ರಿಂಗಿಗೂ ಕೀಲಿ ಕೊಟ್ಟಂತಾಗುತ್ತದೆ. ಒಳಗಿರುವುದು ರಬ್ಬರ್ ಸವರಿದ ಬಟ್ಟೆಯ ಎರಡು ಪರದೆ. ಮೊದಲನೆಯದು ಅಡ್ಡಕ್ಕೆ ಸರಿದು ಫಿಲ್ಮಿಗೆ ಬೆಳಕು ಬಿಡುತ್ತದೆ, ಎರಡನೆಯದು ಬೆನ್ನಟ್ಟಿ ಬಂದು ಮುಚ್ಚುತ್ತದೆ. ಸೆಕೆಂಡಿನ 60ನೇ ಒಂದು ಭಾಗದವರೆಗೆ ಇಡೀ ಚೌಕಟ್ಟು ಒಮ್ಮೆಗೇ ತೆರೆದುಕೊಳ್ಳುತ್ತದೆ. ಅದಕ್ಕಿಂತ ವೇಗವಾದರೆ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಟುಬಿಡುವುದರಿಂದ, ಕಿರಿದಾದ ಸಂದೊಂದು ಫಿಲ್ಮಿನ ಉದ್ದಕ್ಕೂ ಓಡುತ್ತದೆ. ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಹೆಣ್ಣು ಬೆಳಗುತ್ತಾ, ಪಕ್ಕದ ಗಂಡು ಅರ್ಧ ಕತ್ತಲಲ್ಲಿ ಮುಳುಗಿರುವ ಫೋಟೋ ಕಂಡರೆ ಇದೇ ಕಾರಣವಿರಬಹುದು: ಹೊರಗೆ ದಿಬ್ಬಣದ ಬಿಸಿಲಿಗೆಂದು ಇಟ್ಟ ವೇಗವನ್ನು ಛತ್ರದೊಳಗೆ ಫ್ಲ್ಯಾಶ್ ಹಾಕಿದಾಗ ಇಳಿಸಲು ಮರೆತಿರುತ್ತಾರೆ.

ಬಳಸುವವರ ಕೈಯಲ್ಲಿ ಇರುವುದು ಮೂರೇ ಸಂಗತಿ. ಫಿಲ್ಮಿನ ಐಎಸ್‌ಒ (ಅದು ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ), ಶಟರ್ ವೇಗ, ಲೆನ್ಸಿನ ಕಂಡಿ ಎಷ್ಟು ತೆರೆದಿರಬೇಕು ಎಂಬುದು. ಹೊಸಬರು ಎಡವುವುದು ಮೂರನೆಯದರಲ್ಲಿ. ಎಫ್/16 ಎಂದರೆ ಸಣ್ಣ ಕಂಡಿ, ಎಫ್/2 ಎಂದರೆ ದೊಡ್ಡದು. ಅಂಕಿ ಹಿಗ್ಗಿದಷ್ಟೂ ಕಂಡಿ ಕುಗ್ಗುತ್ತದೆ. ಬಿರುಬಿಸಿಲಿಗೆ ಹಳಬರ ಬಾಯಿಲೆಕ್ಕವೊಂದಿದೆ. ಕಂಡಿ ಎಫ್/16ರಲ್ಲಿರಲಿ, ವೇಗ ಫಿಲ್ಮಿನ ಐಎಸ್‌ಒ ಅಂಕಿಗೆ ಹತ್ತಿರವಿರಲಿ. ಐಎಸ್‌ಒ 100ರ ರೀಲಿಗೆ 1/125. ಮಟಮಟ ಮಧ್ಯಾಹ್ನ ತೇರು ಎಳೆಯುವವರನ್ನು ಹೀಗೆ ತೆಗೆದರೆ ಸಾಕು, ಮೀಟರ್ ನೋಡಬೇಕಿಲ್ಲ. ಅದೇ ಜನ ದಣಿದು ಮಂಟಪದ ನೆರಳಿಗೆ ಬಂದು ಕೂತರೆ ಕಂಡಿಯನ್ನು 11, 8, 5.6 ಎಂದು ಮೂರು ಮೆಟ್ಟಿಲು ತೆರೆಯಬೇಕು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿ. ಮೂರಕ್ಕೆ ಎಂಟು ಪಟ್ಟು. ಕಣ್ಣಿಗೆ ಬಿಸಿಲಿಗೂ ನೆರಳಿಗೂ ಅಷ್ಟೊಂದು ಅಂತರ ಕಾಣುವುದೇ ಇಲ್ಲ, ಏಕೆಂದರೆ ಕಣ್ಣು ಸದ್ದಿಲ್ಲದೆ ಹೊಂದಿಕೊಂಡುಬಿಟ್ಟಿರುತ್ತದೆ. ಮ್ಯಾನುಯಲ್ ಕ್ಯಾಮೆರಾ ಹಿಡಿದವರು ಕೆಲವು ತಿಂಗಳಲ್ಲಿ ಈ ಎಂಟು ಪಟ್ಟನ್ನು ಗುರುತಿಸಲು ಕಲಿಯುತ್ತಾರೆ. ಆಮೇಲೆ ಕ್ಯಾಮೆರಾ ಕೈಯಲ್ಲಿಲ್ಲದಾಗಲೂ ಪಡಸಾಲೆಯ ಬೆಳಕನ್ನು ಅಳೆಯುತ್ತಾ ಕೂರುವ ಚಟ ಅಂಟಿಕೊಳ್ಳುತ್ತದೆ.

ಮೀಟರ್ ಇರುವಾಗ ಈ ಬಾಯಿಲೆಕ್ಕ ಯಾಕೆ ಎಂದು ಕೇಳಬಹುದು. ಮೀಟರ್ ಸುಳ್ಳು ಹೇಳುವುದಿಲ್ಲ. ಆದರೆ ಅದು ದಡ್ಡ. ನೋಡುಕಿಂಡಿಯ ಬಲಬದಿಯಲ್ಲಿರುವ ಮುಳ್ಳು ಮಧ್ಯಕ್ಕೆ ಬಂದರೆ ಬೆಳಕು ಸರಿ ಎಂದರ್ಥ. ಯಾವುದಕ್ಕೆ ಸರಿ? ಎದುರಿಗಿರುವುದೆಲ್ಲ ಸೇರಿ ನಡುಮಟ್ಟದ ಬೂದುಬಣ್ಣ ಎಂದು ನಂಬಿಕೊಂಡೇ ಅದು ಲೆಕ್ಕ ಹಾಕುತ್ತದೆ. ಅಚ್ಚಬಿಳಿ ಪಂಚೆ, ಬಿಳಿ ಅಂಗಿಯ ಯಜಮಾನರು ಸುಣ್ಣದ ಗೋಡೆಗೆ ಒರಗಿ ನಿಂತರೆ ಮುಳ್ಳಿನ ಮಾತು ಕೇಳಿದ ಫೋಟೋದಲ್ಲಿ ಪಂಚೆ ಕೊಳೆಯಾಗಿ ಕಾಣುತ್ತದೆ, ಮುಖ ಮಸಿಯಾಗುತ್ತದೆ. ಚೌಕಟ್ಟು ತುಂಬ ಎಮ್ಮೆ ನಿಂತರೆ ತದ್ವಿರುದ್ಧ: ಎಮ್ಮೆ ಬೂದಿ ಬಳಿದುಕೊಂಡಂತೆ ಬೆಳ್ಳಗಾಗುತ್ತದೆ. ಪಂಚೆಗೆ ಒಂದೆರಡು ಮೆಟ್ಟಿಲು ಹೆಚ್ಚು ಬೆಳಕು ಕೊಡಬೇಕು, ಎಮ್ಮೆಗೆ ಅಷ್ಟೇ ಕಡಿಮೆ. ಇದನ್ನು ಕ್ಯಾಮೆರಾ ಹೇಳಿಕೊಡುವುದಿಲ್ಲ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ, ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯತೊಡಗಿದ್ದು ರೀಲಿನ ಕಾಲದಲ್ಲಿ. ತಪ್ಪಿತೋ ಸರಿಯಾಯಿತೋ ಎಂದು ಅಲ್ಲೇ ನೋಡಿ ತಿದ್ದಿಕೊಳ್ಳುವ ಪರದೆ ಆಗಿನ ಕ್ಯಾಮೆರಾದ ಬೆನ್ನಿಗಿರಲಿಲ್ಲ. ರೀಲು ತೊಳೆದ ಮೇಲೇ ಗೊತ್ತಾಗಬೇಕು. ಅಷ್ಟರಲ್ಲಿ ಹಕ್ಕಿ ಮರಿ ಮಾಡಿಕೊಂಡು ಗೂಡು ಬಿಟ್ಟು ಹೋಗಿರುತ್ತಿತ್ತು.

ಇನ್ನು ಎಲ್ಲರಿಗೂ ಒಮ್ಮೆಯಾದರೂ ಆಗುವ ಅನಾಹುತ. ರೀಲಿನ ನಾಲಿಗೆಯನ್ನು ಬಲಬದಿಯ ಉರುಳೆಯ ಸಂದಿಗೆ ಸಿಕ್ಕಿಸಿ ಬಾಗಿಲು ಮುಚ್ಚುತ್ತಾರೆ. ನಾಲಿಗೆ ಜಾರಿ ಹೊರಬಂದಿರುತ್ತದೆ. ಎಣಿಕೆಯ ಅಂಕಿ ಮಾತ್ರ ಒಂದು, ಎರಡು, ಮೂರು ಎಂದು ಏರುತ್ತಲೇ ಹೋಗುತ್ತದೆ, ಏಕೆಂದರೆ ಅದು ಎಣಿಸುವುದು ಸನ್ನೆ ಎಳೆದದ್ದನ್ನು, ಫಿಲ್ಮ್ ಸರಿದದ್ದನ್ನಲ್ಲ. ನಾಮಕರಣವೆಲ್ಲ ಮುಗಿದು, ಮೂವತ್ತಾರು ದಾಟಿ ನಲವತ್ತಕ್ಕೆ ಬಂದರೂ ರೀಲು ಮುಗಿಯುತ್ತಿಲ್ಲವಲ್ಲ ಎಂದು ಅನುಮಾನ ಬರುವಷ್ಟರಲ್ಲಿ ನೆಂಟರು ಬಸ್ಸು ಹತ್ತಿರುತ್ತಾರೆ. ಪರಿಹಾರ ಸುಲಭ. ಸನ್ನೆ ಎಳೆಯುವಾಗ ಎಡಬದಿಯ ರಿವೈಂಡ್ ಗುಬುಟು ತಾನೂ ತಿರುಗುತ್ತಿದೆಯೇ ಎಂದು ನೋಡಬೇಕು. ತಿರುಗಿದರೆ ಒಳಗೆ ಫಿಲ್ಮ್ ನಡೆಯುತ್ತಿದೆ.

ಫಿಲ್ಮ್ ಒಂದು ಕಾಲದಲ್ಲಿ ನಮ್ಮ ಪಕ್ಕದಲ್ಲೇ ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, ತಂಪಾದ ದೂಳಿಲ್ಲದ ಹವೆಯ ಊಟಿಯಲ್ಲಿ 1967ರಿಂದ ಉತ್ಪಾದನೆ ನಡೆಸಿತು. ಅದರ ಕಪ್ಪುಬಿಳುಪು ಸರಕಿನ ಹೆಸರು ‘ಇಂದು’. ಚಂದ್ರನ ಹೆಸರು, ಬೆಳ್ಳಿಯ ಲವಣ ಹಚ್ಚಿದ ಫಿಲ್ಮಿಗೆ ಹೇಳಿ ಮಾಡಿಸಿದಂಥದ್ದು. ಕಾರ್ಖಾನೆ ಮುಚ್ಚಿತು, ‘ಇಂದು’ ಇಂದಿಲ್ಲ. ಈಗ ಕೊಡಾಕ್, ಇಲ್ಫೋರ್ಡ್ ರೀಲುಗಳನ್ನು ಹೊರದೇಶದಿಂದಲೇ ತರಿಸಬೇಕು. ಸೋವಿ ಹವ್ಯಾಸವೆಂದು ಯಾರಾದರೂ ಹೇಳಿದರೆ ನಂಬಬಾರದು. ಕ್ಯಾಮೆರಾ ಒಮ್ಮೆ ಕೊಂಡರಾಯಿತು, ರೀಲಿನ ಖರ್ಚು ಪ್ರತಿ ಕ್ಲಿಕ್ಕಿಗೂ ಇದ್ದದ್ದೇ.

ತೊಳೆಯುವ ಖರ್ಚನ್ನಾದರೂ ಉಳಿಸಬಹುದು. ಕಪ್ಪುಬಿಳುಪಿನ ರೀಲನ್ನು ಮನೆಯ ಬಚ್ಚಲಲ್ಲೇ ತೊಳೆಯುವವರಿದ್ದಾರೆ. ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಕೈ ತೂರಿಸಿ, ತಡಕಾಡಿ ಫಿಲ್ಮನ್ನು ತೊಟ್ಟಿಯೊಳಗಿನ ಸುರುಳಿಗೆ ಸುತ್ತಬೇಕು. ಮುಚ್ಚಳ ಬಿದ್ದ ಮೇಲೆ ಉಳಿದದ್ದೆಲ್ಲ ಬೆಳಕಿನಲ್ಲೇ. ಕೊಡಾಕ್ 1927ರಲ್ಲಿ ತಂದ ಡಿ-76 ಎಂಬ ಡೆವಲಪರ್ ಈಗಲೂ ಬಳಕೆಯಲ್ಲಿದೆ. ಆದರೆ ಪೊಟ್ಟಣದ ಮೇಲಿನ ನಿಮಿಷಗಳ ಲೆಕ್ಕವೆಲ್ಲ ಸಾಮಾನ್ಯವಾಗಿ 20 ಡಿಗ್ರಿ ಶಾಖಕ್ಕೆ ಹಾಕಿದ್ದು. ಏಪ್ರಿಲ್ ತಿಂಗಳ ರಾಯಚೂರಿನ ನಲ್ಲಿ ನೀರಿಗೆ ಆ ಲೆಕ್ಕ ತಿಳಿಯದು. ಫ್ರಿಜ್ಜಿನ ಐಸು ಹಾಕಿದ ಬೋಗುಣಿಯಲ್ಲಿ ಬಾಟಲಿ ಇಟ್ಟು ತಣಿಸಿಕೊಳ್ಳದೆ ವಿಧಿಯಿಲ್ಲ.

ಹಳೆಯ ಕ್ಯಾಮೆರಾ ಕೊಳ್ಳುವವರು ಮೈಮೇಲಿನ ಗೀರುಗಳಿಗೆ ಹೆದರಬೇಕಿಲ್ಲ. ಕೆಡುವುದು ಲೋಹವಲ್ಲ, ಮೆತ್ತಗಿನ ಭಾಗಗಳು. ಹಿಂಬಾಗಿಲಿನ ಅಂಚಿನ ಫೋಮ್ ಪಟ್ಟಿ ಕೊಳೆತು ಡಾಂಬರಿನಂತೆ ಅಂಟಾಗಿದ್ದರೆ ಬೆಳಕು ಸೋರಿ ಫೋಟೋದ ಮೇಲೆ ಕೆಂಪು ಗೀಟು ಬೀಳುತ್ತದೆ. ಹೊಸ ಪಟ್ಟಿ ಹಾಕಿಸುವುದು ಸಣ್ಣ ಕೆಲಸ. ಒಂದು ಸೆಕೆಂಡಿಗೆ ಇಟ್ಟು ಒತ್ತಿದಾಗ ಶಟರ್ ಕುಂಟಿದರೆ ಎಣ್ಣೆ ಒಣಗಿದೆ ಎಂದರ್ಥ. ಅದಕ್ಕೂ ಮದ್ದಿದೆ, ಮಾಡಬಲ್ಲ ಮೆಕ್ಯಾನಿಕ್ ಸಿಗುವುದು ಕಷ್ಟ. ಲೆನ್ಸನ್ನು ಬೆಳಕಿಗೆ ಹಿಡಿದಾಗ ಒಳಗೆ ಜೇಡರಬಲೆಯಂಥ ಬಿಳಿ ಎಳೆ ಕಂಡರೆ ಮಾತ್ರ ಹಿಂದೆ ಸರಿಯುವುದು ಒಳ್ಳೆಯದು. ಅದು ಬೂಷ್ಟು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಬೆಚ್ಚಗೆ ಮಲಗಿಸಿದ ಲೆನ್ಸಿಗೆ ಅದು ಖಚಿತ. ಎಷ್ಟು ಜನ ಜೋಪಾನ ಮಾಡುತ್ತೇವೆಂದು ಚೀಲದಲ್ಲಿಟ್ಟೇ ಲೆನ್ಸು ಕೆಡಿಸಿದರೋ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯೇ ವಾಸಿ.

ಮನೆಯ ಬೀರುವಿನಿಂದಲೇ ಇಂಥದ್ದೊಂದು ಈಚೆ ಬಂದರೆ ಮೊದಲು ಹಿಂಬಾಗಿಲಿಗೆ ಕೈ ಹಾಕಬಾರದು. ರಿವೈಂಡ್ ಹಿಡಿಕೆಯನ್ನು ಬಾಣದ ಗುರುತಿನತ್ತ ಮೆಲ್ಲಗೆ ತಿರುಗಿಸಿ ನೋಡಬೇಕು. ಸಡಿಲವಾಗಿ ತಿರುಗುತ್ತಲೇ ಇದ್ದರೆ ಒಳಗೇನೂ ಇಲ್ಲ. ಬಿಗಿಯಾಗಿ ತಡೆದರೆ ಮೊಮ್ಮಕ್ಕಳು ಹುಟ್ಟುವ ಮೊದಲೇ ಯಾರೋ ಹಾಕಿ ಮರೆತ ರೀಲು ಇನ್ನೂ ಅಲ್ಲೇ ಇದೆ. ತಳದ ಸಣ್ಣ ಗುಂಡಿ ಒತ್ತಿ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಬಾಗಿಲು ತೆರೆಯಬೇಕು. ಬಣ್ಣದ ರೀಲಾದರೆ ಬಣ್ಣಗಳು ಅಡ್ಡಾದಿಡ್ಡಿಯಾಗಿರುತ್ತವೆ. ಕಪ್ಪುಬಿಳುಪಾದರೆ ದಶಕಗಳ ನಂತರವೂ ಎಷ್ಟೋ ಸಲ ಏನಾದರೊಂದು ಮೂಡುತ್ತದೆ: ಮಂಜು ಕವಿದಂತೆ, ಹೊಸ ಸ್ಕೂಟರಿಗೆ ಒರಗಿ ನಿಂತ ಯಾರೋ ಒಬ್ಬರು.