ಎಳೆ ಎಣಿಸುವ ಕೈಗಳು: ಕಸೂತಿ ಮತ್ತು ಮನದ ಆರೋಗ್ಯ

ನೌಕರಿಯಿಂದ ನಿವೃತ್ತರಾದವರು, ಮಕ್ಕಳು ದೂರದ ಊರುಗಳಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದವರು, ಸಂಗಾತಿಯನ್ನು ಕಳೆದುಕೊಂಡು ಒಬ್ಬರೇ ಆದವರು ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ ಮೊದಲು ಹೇಳುವುದು ಮಂಡಿನೋವು, ಹೊಟ್ಟೆಯುಬ್ಬರ, ನಿದ್ರೆಯ ಕೊರತೆ. ರಕ್ತದೊತ್ತಡ ನೋಡಿ, ಔಷಧಿ ಬರೆದುಕೊಟ್ಟು, ಅವರು ಏಳುವ ಹೊತ್ತಿಗೆ ಇನ್ನೊಂದು ಮಾತು ಹೊರಬೀಳುತ್ತದೆ: “ಹೊತ್ತೇ ಹೋಗಂಗಿಲ್ಲ ನೋಡ್ರಿ.” ಈ ಮಾತನ್ನು ನಾವು ಬಹಳ ವರ್ಷಗಳ ಕಾಲ ರೋಗಲಕ್ಷಣವೆಂದು ಎಣಿಸಿರಲಿಲ್ಲ. ಮಠಕ್ಕೆ ಹೋಗಿಬನ್ನಿ, ಬೆಳಿಗ್ಗೆ ನಾಲ್ಕು ಹೆಜ್ಜೆ ನಡೆಯಿರಿ ಎಂದು ಹೇಳಿ ಮುಂದಿನವರನ್ನು ಕರೆಯುತ್ತಿದ್ದೆವು. ಅದು ತಪ್ಪೆಂದು ತಿಳಿದದ್ದು ನಮ್ಮ ಸ್ವಂತ ಅಕ್ಕನವರ ಮನೆಯಲ್ಲಿ.

ಧಾರವಾಡದಲ್ಲಿರುವ ನಮ್ಮ ಅಕ್ಕನವರು, ಭಾವನವರು ಲಿಂಗೈಕ್ಯರಾದ ಮೇಲೆ ಒಬ್ಬರೇ ಉಳಿದರು. ಒಬ್ಬರಿಗಾಗಿ ಎರಡು ಹೊತ್ತು ಒಲೆ ಹಚ್ಚುವುದೇಕೆಂದು ಬೆಳಿಗ್ಗೆ ಮಾಡಿದ ಪಲ್ಯವನ್ನೇ ರಾತ್ರಿಗೂ ಇಟ್ಟುಕೊಳ್ಳುತ್ತಿದ್ದರು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಕೈಯಲ್ಲಿ ಮೊಬೈಲು. ಒಂದು ದೃಶ್ಯದ ಬೆನ್ನಿಗೆ ಇನ್ನೊಂದು ತಾನಾಗಿಯೇ ಬರುತ್ತಿದ್ದುದರಿಂದ ನಿದ್ರೆ ಬರುವಾಗ ಎರಡು ಗಂಟೆ. ರಕ್ತದ ಸಕ್ಕರೆ ಏರಿತು. ಔಷಧಿಯನ್ನು ನಾವೇ ಕೊಟ್ಟೆವು. ಸಕ್ಕರೆ ಇಳಿಯಿತು, ಮುಖದ ಮೇಲಿನ ಮಂಕು ಇಳಿಯಲಿಲ್ಲ.

ಹೀಗಿರುವಾಗ ಹಳೆಯ ಟ್ರಂಕಿನಲ್ಲಿ ನಮ್ಮ ತಾಯಿಯವರ ಚಂದ್ರಕಾಳಿ ಸೀರೆ ಅವರ ಕೈಗೆ ಸಿಕ್ಕಿತು. ಕಪ್ಪು ಇಳಕಲ್ ಸೀರೆಯ ಮೇಲೆ ಕೈಯಿಂದ ಹಾಕಿದ ಕಸೂತಿ. ಸೆರಗಿನ ಬಳಿಯ ಒಂದು ಗೋಪುರದ ದಾರ ಸವೆದು ಹರಿದಿತ್ತು. ಸರಿಪಡಿಸಲು ಕುಳಿತ ಅಕ್ಕನವರಿಗೆ, ಹನ್ನೆರಡರ ವಯಸ್ಸಿನಲ್ಲಿ ತಾಯಿಯ ಮಗ್ಗುಲಲ್ಲಿ ಕುಳಿತು ಕಲಿತಿದ್ದ ಎಣಿಕೆ ಮರೆತುಹೋಗಿತ್ತು. ಅದು ಅವರನ್ನು ಚುಚ್ಚಿತು. ಬೇರೊಂದು ತುಂಡು ಬಟ್ಟೆ ತೆಗೆದುಕೊಂಡು ಮೊದಲಿನಿಂದ ಆರಂಭಿಸಿದರು. ನಾಲ್ಕೈದು ತಿಂಗಳಲ್ಲಿ ರಾತ್ರಿ ಹತ್ತೂವರೆಗೆ ನಿದ್ರೆ ಬರತೊಡಗಿತು, ಸಂಜೆಯ ಒಲೆ ಮತ್ತೆ ಹೊತ್ತಿತು. ಇದೆಲ್ಲ ಕಸೂತಿಯೊಂದರಿಂದಲೇ ಆಯಿತೆಂದು ನಾವು ಹೇಳಲಾರೆವು. ಔಷಧಿಯೂ ಇತ್ತು, ಕಾಲವೂ ಕಳೆದಿತ್ತು, ಕಲಿಯಲೆಂದು ನೆರೆಮನೆಯ ಸೊಸೆ ದಿನವೂ ಬರತೊಡಗಿದ್ದಳು. ಆದರೆ ಆ ಸೊಸೆ ಬಂದದ್ದೂ ಕಸೂತಿಯ ಕಾರಣದಿಂದಲೇ.

ಕಸೂತಿಯನ್ನು ಬಲ್ಲವರು ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆ ಇಂದಿಗೂ ಅನೇಕರಿದ್ದಾರೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಕಲೆಗೆ ದೊರೆತಿದೆ. ಬೇರೆ ಹೆಣಿಗೆಗಳಿಂದ ಇದನ್ನು ಬೇರ್ಪಡಿಸುವ ಸಂಗತಿಯೆಂದರೆ, ಇಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಮೊದಲೇ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ, ಇಷ್ಟು ಎಳೆ ಬಿಟ್ಟು ಇಷ್ಟು ಎಳೆ ಹಿಡಿದು, ಸೂಜಿ ಮುಂದುವರಿಯುತ್ತದೆ. ತೇರು, ಗೋಪುರ, ನಂದಿ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆ ಎಲ್ಲವೂ ಎಣಿಕೆಯಿಂದಲೇ ಮೂಡಬೇಕು. ಹೊಲಿಗೆಗಳು ನಾಲ್ಕು. ಮೆಂತ್ಯದ ಕಾಳಿನಂತೆ ಕಾಣುವ ಅಡ್ಡಗೆರೆಗಳ ಹೊಲಿಗೆ ಮೆಂತಿ. ನೇಯ್ದಂತೆ ಕಾಣುವುದು ನೇಯ್ಗಿ. ಮೆಟ್ಟಿಲು ಮೆಟ್ಟಿಲಾಗಿ ಏರುವುದು ಮುರ್ಗಿ. ನಾಲ್ಕನೆಯದಾದ ಗವಂತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ವಿಷಯದ ತಿರುಳು ಅಲ್ಲಿಯೇ ಇದೆ.

ಗವಂತಿಯಲ್ಲಿ ಸೂಜಿ ಒಂದೇ ದಾರಿಯಲ್ಲಿ ಎರಡು ಸಲ ಸಾಗುತ್ತದೆ. ಹೋಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲೆ, ಮುಂದಿನದು ಕೆಳಗೆ. ಹೀಗಾಗಿ ಚಿತ್ರ ತುಂಡು ತುಂಡಾಗಿ ಕಾಣುತ್ತದೆ. ಮರಳಿ ಬರುವಾಗ ಅವೇ ರಂಧ್ರಗಳಲ್ಲಿ ಸೂಜಿ ತೂರಿ, ಬಿಟ್ಟುಹೋದ ಜಾಗಗಳನ್ನು ತುಂಬುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಸರಿಯಾಗಿ ಮಾಡಿದ ಗವಂತಿಯ ಬಟ್ಟೆಯನ್ನು ತಿರುವಿ ಹಾಕಿದರೆ ಒಳಮೈ ಯಾವುದು, ಹೊರಮೈ ಯಾವುದು ಎಂದು ತಿಳಿಯುವುದಿಲ್ಲ. ಹೋಗುವ ಹಾದಿಯಲ್ಲಿಯೇ ಕವಲುಗಳನ್ನೆಲ್ಲ ಮುಗಿಸಿಕೊಂಡು ಹೊರಟಲ್ಲಿಗೆ ಮರಳಬೇಕಾದ್ದರಿಂದ, ದಾರಿಯನ್ನು ಮನಸ್ಸಿನಲ್ಲಿ ಮುಂಚೆಯೇ ನಡೆದು ನೋಡಿರಬೇಕು.

ಅಕ್ಕನವರನ್ನು ನೋಡಿ ನಾವೂ ಒಂದು ಸಂಜೆ ಸೂಜಿ ಹಿಡಿದೆವು. ನಾಲ್ಕು ನಾಲ್ಕು ಎಳೆಗಳ ಎಣಿಕೆಯಲ್ಲಿ ಒಂದು ಸಣ್ಣ ಗೋಪುರ. ಹೋಗುವಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಐದನೆಯ ಸಂಜೆ ಮರಳಿ ಬರುವಾಗ ಎಡಗಡೆಯ ಮೆಟ್ಟಿಲು ಶಿಖರಕ್ಕೆ ಕೂಡಲಿಲ್ಲ. ಎರಡನೆಯ ದಿನವೇ ಎಲ್ಲಿಯೋ ನಾಲ್ಕರ ಬದಲು ಐದು ಎಳೆ ಹಿಡಿದಿದ್ದೆವು. ಒಂದು ಎಳೆಯ ತಪ್ಪಲ್ಲವೇ, ದೂರದಿಂದ ಯಾರಿಗೂ ಕಾಣುವುದಿಲ್ಲ ಎಂದು ಅಕ್ಕನವರ ಮುಖ ನೋಡಿದೆವು. “ಬಿಚ್ಚೋ ತಮ್ಮಾ, ಇನ್ನೇನ್ ಮಾಡ್ತಿ” ಎಂದು ಅವರು ತಮ್ಮ ಕೆಲಸ ಮುಂದುವರಿಸಿದರು. ಮೂವತ್ತು ವರ್ಷ ಸರತಿ ಸಾಲಿನಲ್ಲಿ ರೋಗಿಗಳನ್ನು ನೋಡುತ್ತ ಬಂದ ನಮಗೆ ನಾಲ್ಕು ಸಂಜೆಗಳ ಕೆಲಸ ಬಿಚ್ಚುವುದು ಅವಮಾನವೆಂದೇ ತೋರಿತು. ಬಿಚ್ಚಿದೆವು. ಬಿಚ್ಚುವುದಕ್ಕೆ ಇನ್ನೂ ಒಂದು ಸಂಜೆ ಹಿಡಿಯಿತು. ಆ ರಾತ್ರಿ ಊಟದ ಹೊತ್ತಿಗೆ, ಎರಡು ತಾಸು ಮೊಬೈಲನ್ನು ಮುಟ್ಟಿಯೇ ಇರಲಿಲ್ಲವೆಂಬುದು ಗಮನಕ್ಕೆ ಬಂದಿತು.

ಇದರ ಕಾರಣವನ್ನು ವೈದ್ಯಕೀಯ ದೃಷ್ಟಿಯಿಂದ ಹೀಗೆ ವಿವರಿಸಬಹುದು. ಚಿಂತೆಯೆಂಬುದು ಬಹುಮಟ್ಟಿಗೆ ಒಳಮಾತು. ಅದೇ ಮಾತು, ಅದೇ ನೆನಪು ಗಾಣದ ಎತ್ತಿನಂತೆ ಸುತ್ತುತ್ತಿರುತ್ತದೆ. ಎಣಿಕೆಯೂ ಒಳಮಾತೇ. ಎರಡೂ ಏಕಕಾಲಕ್ಕೆ ನಡೆಯುವುದು ಕಷ್ಟ; ಚಿಂತೆಗೆ ಮನಸ್ಸು ಕೊಟ್ಟರೆ ಎಣಿಕೆ ತಪ್ಪುತ್ತದೆ, ಎಣಿಕೆ ಹಿಡಿದರೆ ಚಿಂತೆ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತದೆ. ಇನ್ನೊಂದು ಸಂಗತಿಯೂ ಇದೆ. ಖಿನ್ನತೆಯ ಚಿಕಿತ್ಸೆಯಲ್ಲಿ, ಹುರುಪು ಬಂದ ಮೇಲೆ ಕೆಲಸ ಮಾಡೋಣವೆಂದು ಕಾಯದೆ, ಅರ್ಥವುಳ್ಳ ಒಂದು ಚಿಕ್ಕ ಕೆಲಸವನ್ನು ಗೊತ್ತಾದ ಹೊತ್ತಿಗೆ ಮೊದಲು ಆರಂಭಿಸಿಬಿಡುವ ಪದ್ಧತಿಯೊಂದುಂಟು. ಹುರುಪು ಹಿಂದಿನಿಂದ ಬರುತ್ತದೆ. ಮನೋವೈದ್ಯರು ಇದನ್ನು ಮಾತಿನ ಚಿಕಿತ್ಸೆಯ ಭಾಗವಾಗಿ ಬಳಸುತ್ತಾರೆ. ನಮ್ಮ ಅಕ್ಕನವರು ಅದನ್ನು ತಿಳಿಯದೆಯೇ ಮಾಡಿದ್ದರು.

ಹೀಗೆ ಎಳೆ ಎಣಿಸಿದರೆ ಮುಪ್ಪಿನ ಮರೆವು ಬರುವುದೇ ಇಲ್ಲವೆಂಬ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಅಷ್ಟು ನಿಶ್ಚಯವಾಗಿ ಹೇಳಲು ನಾವು ಸಿದ್ಧರಿಲ್ಲ. ಕಸೂತಿ ಔಷಧಿಯಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ರೆಗಳು ಕೆಟ್ಟಿದ್ದರೆ, ಬದುಕುವುದು ಬೇಡವೆನಿಸುತ್ತಿದ್ದರೆ, ಸೂಜಿ ದಾರಗಳನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಇದು ಹೆಂಗಸರ ಕೆಲಸವೆಂದು ಪುಟ ತಿರುವಲಿರುವ ಮಹನೀಯರಿಗೂ ಒಂದು ಮಾತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು. ಅವರ ಹೆಸರಿನ ಮುಂದೆಯೇ ಸೂಜಿ ಇದೆ. ನಿವೃತ್ತರಾದ ಮೇಲೆ ದಿನಪತ್ರಿಕೆಯನ್ನು ಮೂರು ಸಲ ಓದಿ, ಮನೆಯವರ ಅಡುಗೆಯ ಉಪ್ಪನ್ನು ಅಳೆಯುವ ಗಂಡಸರೇ ಈ ಅಭ್ಯಾಸ ಹೆಚ್ಚು ಬೇಕಾದವರೆಂದು ನಮ್ಮ ಅನುಭವ.

ಆರಂಭಿಸುವವರು ಕಪ್ಪು ಸೀರೆಯ ಮೇಲೆ ಕೈ ಇಡಬಾರದು. ಎಳೆಗಳು ಬೇರೆ ಬೇರೆಯಾಗಿ ಕಾಣುವ ತಿಳಿಬಣ್ಣದ ಮ್ಯಾಟಿ ಬಟ್ಟೆ ಒಂದು ಗೇಣು ಸಾಕು. ಮೊನೆ ಮೊಂಡಾದ ಸೂಜಿಯನ್ನು ಕೇಳಿ ಪಡೆಯಬೇಕು. ಅದು ಎಳೆಯನ್ನು ಸೀಳುವುದಿಲ್ಲ, ಬೆರಳನ್ನೂ ಚುಚ್ಚುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳು ಜೋಮು ಹಿಡಿದಿರುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ಚುಚ್ಚಿದ್ದು ಅವರಿಗೆ ತಿಳಿಯದೆ ಗಾಯ ಕೀವಾಗಬಹುದು. ದಾರದ ಲಡಿಯಲ್ಲಿ ಆರು ಎಳೆಗಳು ಕೂಡಿರುತ್ತವೆ; ಅದರಲ್ಲಿ ಎರಡನ್ನು ಬಿಡಿಸಿಕೊಂಡರೆ ಸಾಕು. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಬಾರದು. ಉದ್ದವಾದರೆ ಸಿಕ್ಕುಬೀಳುತ್ತದೆ ಎಂಬುದು ಹಳಬರು ಹೇಳುವ ಕಾರಣ. ನಾವು ಕಂಡುಕೊಂಡ ಕಾರಣ ಬೇರೆ: ಒಂದು ಮೊಳ ದಾರ ನಮ್ಮಂಥ ಹೊಸಬರಿಗೆ ಸುಮಾರು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ದಾರ ಮುಗಿದೊಡನೆ ಎದ್ದು ನಾಲ್ಕು ಹೆಜ್ಜೆ ನಡೆದು, ನೀರು ಕುಡಿದು ಬರಬೇಕು. ಮೊಬೈಲಿನ ದೃಶ್ಯಗಳಿಗೆ ಇಂಥ ತುದಿಯೇ ಇರುವುದಿಲ್ಲ.

ಕಣ್ಣಿನ ವಿಷಯ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತ ಬರುವುದರಿಂದ ಹತ್ತಿರದ್ದು ಮಸುಕಾಗುತ್ತದೆ. ನಾವು ಚಾಳೀಸು ಎನ್ನುವುದು ಇದಕ್ಕಾಗಿ ಹಾಕುವ ಕನ್ನಡಕವನ್ನೇ. ಕಣ್ಣು ಪರೀಕ್ಷಿಸಿಕೊಳ್ಳದೆ, ಯಾರದೋ ಹಳೆಯ ಚಾಳೀಸು ಹಾಕಿಕೊಂಡು ಎಳೆ ಎಣಿಸಿದರೆ ತಲೆನೋವು ಖಂಡಿತ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು, ಸೂಕ್ಷ್ಮ ಕೆಲಸದಲ್ಲಿ ತೊಡಗಿದಾಗ ಅದನ್ನು ಬಹಳ ಕಡಿಮೆ ಮಾಡಿಬಿಡುತ್ತೇವೆ. ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದ ಗಿಡವನ್ನೋ ಗೋಪುರವನ್ನೋ 20 ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುವುದು ಇದಕ್ಕಾಗಿ. ಬಲಗೈಯಿಂದ ಹೊಲಿಯುವವರಿಗೆ ಬೆಳಕು ಎಡಗಡೆಯಿಂದ ಬರಲಿ. ಮುಂದೆಂದಾದರೂ ಕಪ್ಪು ಬಟ್ಟೆಯನ್ನು ಹಿಡಿದರೆ ತೊಡೆಯ ಮೇಲೆ ಒಂದು ಬಿಳಿ ಬಟ್ಟೆಯನ್ನು ಹಾಸಿಕೊಳ್ಳಬೇಕು. ಎಳೆಗಳ ನಡುವಿನ ರಂಧ್ರಗಳು ಎದ್ದು ಕಾಣುತ್ತವೆ.

ತಲೆಯ ತೂಕ ಸುಮಾರು 5 ಕಿಲೋ. ಕೊರಳು ಬಾಗಿಸಿದಷ್ಟೂ ಅದರ ಭಾರ ಕತ್ತಿನ ಸ್ನಾಯುಗಳ ಮೇಲೆ ಹೆಚ್ಚಾಗುತ್ತದೆ. ಬಟ್ಟೆಯ ಕಡೆಗೆ ಕತ್ತು ಬಾಗುವ ಬದಲು, ತೊಡೆಯ ಮೇಲೆ ದಿಂಬಿಟ್ಟು ಬಟ್ಟೆಯನ್ನು ಕಣ್ಣಿನ ಕಡೆಗೆ ಎತ್ತಿಕೊಳ್ಳಬೇಕು. ಬೆಳಗಿನ ಹೊತ್ತು ಬೆರಳುಗಳು ಬಿಗಿಯುವವರು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಆರಂಭಿಸಬಹುದು. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಿಕೊಳ್ಳುವುದು ಕ್ಷೇಮ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರುವ ಸಾಧ್ಯತೆ ಉಂಟು. ಆಗ ಕೆಲಸ ನಿಲ್ಲಿಸಿ ತೋರಿಸಿಕೊಳ್ಳಬೇಕು.

ಇಷ್ಟೆಲ್ಲ ತಿಳಿದ ಮನೆಯಲ್ಲಿಯೇ ಎಡವಟ್ಟಾಯಿತು. ಅಕ್ಕನವರ ಮೊಮ್ಮಗಳ ಮದುವೆ ನಿಶ್ಚಯವಾದಾಗ, ಹೊಸ ಚಂದ್ರಕಾಳಿಯ ಸೆರಗಿನ ತುಂಬ ಗೋಪುರ, ತೇರು ಹಾಕಿ ಕೊಡುವೆನೆಂದು ಅವರು ಮಾತು ಕೊಟ್ಟರು. ಉಳಿದದ್ದು ಮೂರು ತಿಂಗಳು. ನಾವೇ, “ದಿನಕ್ಕೆ ಇಷ್ಟೆಂದು ಮುಗಿಸಿದರೆ ಆದೀತಲ್ಲ” ಎಂದು ಲೆಕ್ಕ ಹಾಕಿಕೊಟ್ಟೆವು. ಆ ಲೆಕ್ಕವೇ ಕೆಡಿಸಿತು. ಹಗಲಿನ ಪಾಲು ಮುಗಿಯದೆ ರಾತ್ರಿ ದೀಪದ ಕೆಳಗೆ ಕಪ್ಪು ಬಟ್ಟೆ ಬಂತು. ಕತ್ತುನೋವು ಬಂತು, ಕಣ್ಣಿನಲ್ಲಿ ನೀರು ಬಂತು, ಕೊನೆಗೆ ಹಳೆಯ ನಿದ್ರಾಹೀನತೆಯೂ ಮರಳಿ ಬಂತು. ಕಲಿಯಲು ಬರುತ್ತಿದ್ದ ನೆರೆಮನೆಯ ಹುಡುಗಿಗೂ “ಈಗ ಬ್ಯಾಡವ್ವಾ, ಕೆಲಸ ಐತಿ” ಎಂಬ ಉತ್ತರ. ಅದೇ ಸೂಜಿ, ಅದೇ ದಾರ. ಆದರೆ ಕೈ ಎಳೆಗಳನ್ನು ಬಿಟ್ಟು ದಿನಗಳನ್ನು ಎಣಿಸುತ್ತಿತ್ತು. ಒಂದು ಸಂಜೆ ತೇರಿನ ಗಾಲಿ ಕೂಡಲಿಲ್ಲ. ಬಿಚ್ಚಬೇಕೆಂದು ಹೇಳುವ ಧೈರ್ಯ ನಮಗಾಗಲಿಲ್ಲ. ಅವರೇ ಕನ್ನಡಕ ತೆಗೆದಿಟ್ಟು, ಮೊಮ್ಮಗಳಿಗೆ ಫೋನು ಮಾಡಿ, ಆದಷ್ಟನ್ನೇ ಉಟ್ಟುಕೋ ಎಂದರು. ಆ ಹುಡುಗಿ ನಕ್ಕು ಒಪ್ಪಿದಳು.

ಸೆರಗಿನ ಒಂದು ಅಂಚಿಗೆ ಒಂಬತ್ತು ಗೋಪುರಗಳಿದ್ದ, ಇನ್ನೊಂದು ಅಂಚು ಬರಿದಾಗಿದ್ದ ಸೀರೆಯನ್ನುಟ್ಟು ಮದುವೆ ನಡೆಯಿತು. ಮದುವೆಯ ನಂತರ ಸೀರೆ ಧಾರವಾಡಕ್ಕೆ ಮರಳಿ ಬಂದಿತು. ಗಾಲಿಯನ್ನು ಬಿಚ್ಚಿ ಹಾಕಿದ್ದು ನೆರೆಮನೆಯ ಹುಡುಗಿ, ಎಳೆ ಎಣಿಸಿದ್ದು ಅಕ್ಕನವರು. ಈಗ ಮರಿಮಗು ಬಂದಿದೆ. ಅದರ ಕುಂಚಿಗೆಗೆಂದು ತೆಗೆದ ಬಟ್ಟೆಯ ಮೇಲೆ ಒಂದು ನವಿಲು ಪೂರ್ಣವಾಗಿದೆ, ಎರಡನೆಯದಕ್ಕೆ ಇನ್ನೂ ಗರಿಗಳಿಲ್ಲ. ತೊಟ್ಟಿಲ ಶಾಸ್ತ್ರ ಮುಗಿದು ತಿಂಗಳಾಯಿತು. ಮೊನ್ನೆ ಹೋದಾಗ ಅಕ್ಕನವರು ಕಿಟಕಿಯ ಬಳಿ ಕುಳಿತು, ದಾರ ಮುಗಿದದ್ದರಿಂದ ಎದ್ದು, ನಮಗೆ ಚಹಾ ಇಟ್ಟರು.