ಹೂವು ಮುಗಿಯಿತೆಂದು ಕುಂಡವನ್ನು ಮೂಲೆಗೆ ತಳ್ಳಬೇಡಿ



ಮಾರ್ಚಿಯಿಂದ ಮೇ ತಿಂಗಳವರೆಗೆ ನಮ್ಮ ಅಂಗಳದಲ್ಲಿ, ದೇವಾಲಯದ ಬಲಿಪೀಠದ ಮುಂದೆ ಕೆಂಪು ಲಿಲ್ಲಿಯ ಕುಂಡಗಳು ಎದ್ದು ಕಾಣುತ್ತವೆ. ನಾವು ಲಿಲ್ಲಿ ಎನ್ನುವ, ನರ್ಸರಿಯವರು ಅಮರಿಲ್ಲಿಸ್ ಎಂದು ಮಾರುವ ಈ ಗಿಡದ ಸರಿಯಾದ ಹೆಸರು ಹಿಪ್ಪಿಯಾಸ್ಟ್ರಮ್. ಇದರ ತವರು ದಕ್ಷಿಣ ಅಮೆರಿಕ. ಹೂವು ಬಾಡಿದ ಮೇಲೆ ಕುಂಡ ಹಿತ್ತಿಲು ಸೇರುತ್ತದೆ, ಕೆಲವೊಮ್ಮೆ ಕಸದ ಗುಂಡಿಯನ್ನೂ ಸೇರುತ್ತದೆ. ಮರುವರ್ಷ, "ಬರೀ ಎಲೆ ಬಂತು ಸಿಸ್ಟರ್, ಹೂವೇ ಇಲ್ಲ" ಅಂತ ದೂರು. ಆಮೇಲೆ ಹೊಸ ಗೆಡ್ಡೆಗೆ ಮತ್ತೆ ದುಡ್ಡು. ಹೂಗಿಡ ಮಾರುವ ಸಂಘದ ಸದಸ್ಯರಿಗಂತೂ ಇದು ನೇರ ನಷ್ಟ.

ಗೆಡ್ಡೆ ಎಂದರೆ ಉಗ್ರಾಣ

ಈರುಳ್ಳಿಯನ್ನು ಕೊಯ್ದು ನೋಡಿದ್ದೀರಲ್ಲ? ಪದರದ ಮೇಲೆ ಪದರ. ಲಿಲ್ಲಿ ಗೆಡ್ಡೆಯೂ ಹಾಗೇ. ಎಲೆಯ ಬುಡಗಳೇ ದಪ್ಪಗಾಗಿ ಆಹಾರ ಕೂಡಿಡುತ್ತವೆ. ಹೂವು ಬಿಡುವಾಗ ಆ ಆಹಾರ ಖರ್ಚಾಗಿ ಗೆಡ್ಡೆ ಸೊರಗುತ್ತದೆ. ಅದನ್ನು ಮತ್ತೆ ತುಂಬುವುದು ಹೂವಿನ ನಂತರ ಬೆಳೆಯುವ ಎಲೆಗಳು. ಸುಮಾರು ನಾಲ್ಕು ಎಲೆಗೆ ಒಂದು ಹೂಮೊಗ್ಗು ಗೆಡ್ಡೆಯೊಳಗೆ ಹುಟ್ಟುತ್ತದೆ, ಅದೂ ಅರಳುವುದಕ್ಕೆ ಎಷ್ಟೋ ತಿಂಗಳು ಮುಂಚೆ. ಹಾಗಾಗಿ ಈ ವರ್ಷದ ಎಲೆಯನ್ನು ಕತ್ತರಿಸಿದರೆ ಬರುವ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ.

ಏನು ಮಾಡಬೇಕು?

1. ಬಾಡಿದ ಹೂವನ್ನು ಬೀಜ ಕಟ್ಟುವ ಮೊದಲೇ ತೆಗೆಯಿರಿ. ಹಸಿರಾಗಿರುವ ಹೂದಂಟನ್ನು ಬಿಡಿ, ಹಳದಿಯಾದ ಮೇಲೆ ಕತ್ತರಿಸಿ.

2. ಎಲೆಗಳನ್ನು ಕತ್ತರಿಸಬೇಡಿ, ಗಂಟು ಕಟ್ಟಬೇಡಿ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಕಡೆ ಇಡಿ.

3. ತಿಂಗಳಿಗೊಮ್ಮೆ ಒಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಹಾಕಿ. ಹಸಿ ಸೆಗಣಿ ಬೇಡ, ಗೆಡ್ಡೆ ಕೊಳೆಯುತ್ತದೆ.

4. ಮಣ್ಣಿನ ಮೇಲ್ಪದರ ಒಣಗಿದ ಮೇಲೆ ನೀರು ಕೊಡಿ. ಕರಾವಳಿ, ಮಲೆನಾಡಿನ ಜೂನ್-ಜುಲೈ ಮಳೆಗೆ ಕುಂಡವನ್ನು ಬೆಳಕಿರುವ ಸೂರಿನ ಕೆಳಗೆ ಸರಿಸಿ. ಕುಂಡದ ತೂತು ಮುಚ್ಚಿದೆಯೋ ನೋಡಿಕೊಳ್ಳಿ.

5. ಮಳೆಗಾಲದಲ್ಲಿ ಕಪ್ಪು ಮೈ, ಬಿಳಿ ಚುಕ್ಕೆಯ ಹುಳುಗಳು ಗುಂಪಾಗಿ ಎಲೆ ತಿನ್ನುತ್ತವೆ. ಕೈಯಿಂದ ಹೆಕ್ಕಿ ಸೋಪಿನ ನೀರಿಗೆ ಹಾಕಿದರೆ ಆಯ್ತು.

6. ನವೆಂಬರ್ ಕೊನೆಗೆ ಗೊಬ್ಬರ ನಿಲ್ಲಿಸಿ, ನೀರನ್ನು ಮೆಲ್ಲಗೆ ಕಡಿಮೆ ಮಾಡಿ. ಎಂಟು-ಹತ್ತು ವಾರ ಗೆಡ್ಡೆಗೆ ವಿಶ್ರಾಂತಿ ಸಿಗಲಿ.

7. ವಿಶ್ರಾಂತಿ ಮುಗಿದ ಮೇಲೆ, ಬೇಕಿದ್ದರೆ ಗೆಡ್ಡೆ ತೆಗೆದು ಹೊಸ ಮಣ್ಣಿಗೆ ಹಾಕಿ. ಗೆಡ್ಡೆಯ ಮೂರನೇ ಒಂದು ಭಾಗ ಮಣ್ಣಿನ ಮೇಲಿರಲಿ. ಕುಂಡ ಗೆಡ್ಡೆಗಿಂತ ಸ್ವಲ್ಪವೇ ಅಗಲವಿದ್ದರೆ ಸಾಕು. ಪಕ್ಕದ ಮರಿಗೆಡ್ಡೆಗಳನ್ನು ಬೇರೆ ನೆಡಬಹುದು, ಅವು ಹೂ ಬಿಡಲು ಎರಡು-ಮೂರು ವರ್ಷ ಬೇಕು.

ನೀರು ಮತ್ತೆ ಶುರುಮಾಡಿದ ಆರರಿಂದ ಎಂಟು ವಾರಕ್ಕೆ ಸಾಮಾನ್ಯವಾಗಿ ಹೂ ಬರುತ್ತದೆ. ಈಸ್ಟರ್ ಹಬ್ಬಕ್ಕೆ ಬೇಕೆಂದರೆ ವಿಭೂತಿ ಬುಧವಾರದ ಆಸುಪಾಸಿನಲ್ಲಿ, ಸಾಧ್ಯವಾದರೆ ಒಂದು ವಾರ ಮೊದಲೇ ನೀರು ಶುರುಮಾಡಿ.

ಬೇರೆ ಗೆಡ್ಡೆಗಳಿಗೆ ಬೇರೆ ಕ್ರಮ

ಸುಗಂಧರಾಜದಲ್ಲಿ ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ, ಅದರ ಮರಿಗಳೇ ಬಿಡುತ್ತವೆ. ಎಲೆ ಒಣಗಿದ ಮೇಲೆ ಕಿತ್ತು, ದಪ್ಪ ಮರಿಗಳನ್ನು ಆರಿಸಿ ನೆಡಿ. ಗ್ಲಾಡಿಯೋಲಸ್‌ನಲ್ಲಿ ಹಳೆಯ ಗೆಡ್ಡೆ ಸುಕ್ಕುಗಟ್ಟಿ, ಅದರ ಮೇಲೆ ಹೊಸ ಗೆಡ್ಡೆ ಕೂರುತ್ತದೆ. ಹೂವಾದ ಆರೆಂಟು ವಾರಕ್ಕೆ ಎಲೆ ಹಳದಿಯಾದಾಗ ಕಿತ್ತು, ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಬುಟ್ಟಿಯಲ್ಲಿ ಇಡಿ. ಮೇ ಹೂವು ಎನ್ನುವ ಕೆಂಪು ಚೆಂಡಿನ ಗಿಡ ಚಳಿಗಾಲದಲ್ಲಿ ಪೂರ್ತಿ ಒಣಗುತ್ತದೆ. ಸತ್ತಿತೆಂದು ಎಸೆಯಬೇಡಿ, ಗೆಡ್ಡೆ ಮಲಗಿದೆ ಅಷ್ಟೇ.

ಎರಡು ಎಚ್ಚರಿಕೆ

ಲಿಲ್ಲಿ ಗೆಡ್ಡೆ ಈರುಳ್ಳಿಯ ಹಾಗೆ ಕಂಡರೂ ಅದರಲ್ಲಿ ಲೈಕೋರಿನ್ ಎಂಬ ವಿಷವಿದೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ ಆಗುತ್ತದೆ. ಕಿತ್ತ ಗೆಡ್ಡೆಯನ್ನು ಅಡುಗೆಮನೆಯಲ್ಲಿ ಇಡಲೇಬಾರದು. ಮಗು ಬಾಯಿಗೆ ಹಾಕಿಕೊಂಡರೆ ಉಳಿದ ಗೆಡ್ಡೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು, ಕುಂಡದ ಕೆಳಗಿನ ತಟ್ಟೆ. ಅದರಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೂ ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆ ಉಳಿಯುತ್ತದೆ. ಆದ್ದರಿಂದ ವಾರಕ್ಕೊಂದು ದಿನ ತಟ್ಟೆಯನ್ನು ಉಜ್ಜಿ ತೊಳೆದು ಒಣಗಿಸಿ. ಮಳೆಗಾಲದಲ್ಲಿ ತಟ್ಟೆಯನ್ನೇ ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು.

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಫಲ ಕೊಡದ ಅಂಜೂರದ ಮರಕ್ಕಾಗಿ ತೋಟಗಾರ ಇನ್ನೊಂದು ವರ್ಷದ ಅವಕಾಶ ಕೇಳುತ್ತಾನೆ. ಸುಮ್ಮನೆ ಕೇಳುವುದಿಲ್ಲ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತನ್ನ ಕೆಲಸವನ್ನೂ ಹೇಳುತ್ತಾನೆ. ಈ ಈಸ್ಟರ್ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಹಿಂದೆ ಬಿದ್ದಿರುವ ಕುಂಡಗಳನ್ನು ಗುರುಗಳ ಒಪ್ಪಿಗೆ ಪಡೆದು ಸಂಘದವರು ಹಂಚಿಕೊಳ್ಳಿ, ಒಬ್ಬೊಬ್ಬರು ಎರಡೆರಡು ಕುಂಡ ನೋಡಿಕೊಂಡರೂ ಸಾಕು. ಬರುವ ವರ್ಷದ ಹಬ್ಬಕ್ಕೆ ಹೂವನ್ನು ಹೊರಗಿನಿಂದ ತರುವ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ.