ಹೇಳಿ ಮಾಡಿಸುವ ಮಡಚುಕತ್ತಿ



ರಾಮಕುಂಜ, ಆತೂರು, ಉಪ್ಪಿನಂಗಡಿ, ಕಡಬ, ಈ ಸುತ್ತಿನ ಯಾವ ಮನೆಗೆ ಹೋದರೂ ಕತ್ತಿಗೆ ಬರವಿಲ್ಲ. ಸೊಪ್ಪು ಸವರುವುದಕ್ಕೊಂದು, ಅಡಿಕೆ ಸುಲಿಯುವುದಕ್ಕೊಂದು, ತರಕಾರಿ ಹೆಚ್ಚುವ ಮೆಟ್ಟುಕತ್ತಿ ಒಂದು. ಆದರೆ ಗೇರು, ಮಾವು, ಕಾಳುಮೆಣಸಿಗೆ ಕಸಿ ಕಟ್ಟುವ ದಿನ ಬಂತೆಂದರೆ ಆಗ ಹುಡುಕಾಟ ಶುರು. ಕೊನೆಗೆ ಅಡುಗೆಮನೆಯ ಚಾಕುವೋ ಪೇಟೆಯ ಬ್ಲೇಡೋ ಕೈಗೆ ಬರುತ್ತದೆ. ಕಟ್ಟಿದ ಕಸಿ ಒಣಗಿದಾಗ ಕಡ್ಡಿ ಸರಿ ಇಲ್ಲ, ಮಳೆ ಸರಿ ಇಲ್ಲ ಎನ್ನುತ್ತೇವೆ. ಕತ್ತಿಯ ಮೇಲೆ ಸಂಶಯ ಬರುವುದೇ ಇಲ್ಲ.

ಅದಕ್ಕಾಗಿ ಇವತ್ತು, ಕಿಸೆಯಲ್ಲಿ ಇಟ್ಟುಕೊಳ್ಳುವಂಥ ಮಡಚುವ ಕಸಿಕತ್ತಿಯನ್ನು ಕುಲುಮೆಯಲ್ಲಿ ಹೇಳಿ ಮಾಡಿಸುವುದು ಹೇಗೆ, ಮಾಡಿಸುವಾಗ ಏನೇನು ನೋಡಬೇಕು ಎಂಬುದನ್ನು ತಿಳಿಯೋಣ.

ಮೊದಲು, ಕತ್ತಿಗೆ ಇಷ್ಟು ಮಹತ್ವ ಯಾಕೆ? ಗೇರುಬೀಜ ಬಿತ್ತಿ ಎಬ್ಬಿಸಿದ ಗಿಡ ತಾಯಿಮರದ ಗುಣವನ್ನೇ ತರುತ್ತದೆ ಎಂಬ ಭರವಸೆ ಇಲ್ಲ. ಆದುದರಿಂದಲೇ ಒಳ್ಳೆಯ ಮರದ ಕಡ್ಡಿ ತಂದು ಕಸಿ ಕಟ್ಟುವುದು. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರ, ಅಂದರೆ ಈಗಿನ ಗೇರು ಸಂಶೋಧನಾ ನಿರ್ದೇಶನಾಲಯ ಇರುವ ಸೀಮೆ ನಮ್ಮದು. ಮೆದುಕಾಂಡದ ಕಸಿ ಎಂಬ ಮಾತು ಇಲ್ಲಿ ಹೊಸದಲ್ಲ. ಆ ಕ್ರಮದಲ್ಲಿ ಎಳೆಯ ಸಸಿಯ ಕಾಂಡವನ್ನು ನಾಲ್ಕೈದು ಸೆಂಟಿಮೀಟರ್ ಸೀಳಿ, ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ ಅದರೊಳಗೆ ಕೂರಿಸುತ್ತೇವೆ. ಎರಡರ ತೊಗಟೆಯ ಒಳಗಿರುವ ಹಸಿ ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಕೂಡುತ್ತದೆ. ಹರಿತವಾದ ಅಲಗು ಒಂದೇ ಎಳೆತಕ್ಕೆ ಕನ್ನಡಿಯ ಹಾಗೆ ಕೊಯ್ಯುತ್ತದೆ. ಮೊಂಡು ಅಲಗು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ಕಪ್ಪಾಗಿ ಕೊಳೆಯುತ್ತದೆ. ಒಬ್ಬರು 200 ಸಸಿಗೆ ಕಸಿ ಕಟ್ಟುತ್ತಾರೆ ಎನ್ನಿ. ಒಳ್ಳೆಯ ಕತ್ತಿಯಿಂದ ನೂರಕ್ಕೆ ಐದೇ ಗಿಡ ಹೆಚ್ಚು ಬದುಕಿದರೂ 10 ಗಿಡ ಉಳಿಯಿತಲ್ಲ!

ಇನ್ನು ಮಾಡಿಸುವ ಮಾತು. ಮಳೆಗಾಲಕ್ಕೆ ಮುಂಚೆ ಎಲ್ಲರೂ ಕತ್ತಿ, ಹಾರೆ, ಪಿಕ್ಕಾಸು ಹಿಡಿದುಕೊಂಡು ಕುಲುಮೆಗೆ ಹೋಗುತ್ತಾರೆ. ಆ ಗಡಿಬಿಡಿಯಲ್ಲಿ ಆಚಾರಿಗಳ ಹತ್ತಿರ ನಾಜೂಕಿನ ಕೆಲಸ ಹೇಳಬೇಡಿ. ಒಂದೆರಡು ತಿಂಗಳು ಮೊದಲೇ ಹೇಳಿ. ಮಡಚುಕತ್ತಿಯಲ್ಲಿ ಬಡಿಯುವ ಕೆಲಸ ಸ್ವಲ್ಪ, ಅರ ಹಾಕಿ ಕೂಡಿಸುವ ಕೆಲಸವೇ ಬಹಳ. ಪೇಟೆಯ ಯಂತ್ರದ ಕತ್ತಿಗಿಂತ ಮಜೂರಿ ಹೆಚ್ಚಾಗುವುದು ಇದೇ ಕಾರಣಕ್ಕೆ. ಇದನ್ನು ತಿಳಿದು ಬೆಲೆಯ ಮಾತಾಡಬೇಕು. ಬೆಲೆ, ಮುಂಗಡ, ಕೊಡುವ ದಿನ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟರೆ ಇಬ್ಬರಿಗೂ ಕ್ಷೇಮ.

ಬಾಯಲ್ಲಿ ವರ್ಣಿಸುವುದಕ್ಕಿಂತ ರಟ್ಟಿನಲ್ಲಿ ಕತ್ತರಿಸಿ ತೋರಿಸುವುದು ಮೇಲು. ಅಲಗು ಆರೇಳು ಸೆಂಟಿಮೀಟರ್ ಸಾಕು. ಉದ್ದ ಹೆಚ್ಚಿದಷ್ಟೂ ಕೈ ನಡುಗುತ್ತದೆ. ಹಿಡಿಯನ್ನು ನಿಮ್ಮ ಅಂಗೈಯ ಅಳತೆಗೆ ಮಾಡಿಸಿ. ನರ್ಸರಿಗಳಲ್ಲಿ ಕಸಿ ಕಟ್ಟುವ ಅಕ್ಕಂದಿರು ಎಷ್ಟೋ ಮಂದಿ ಇದ್ದಾರೆ. ಗಂಡಸರ ಅಳತೆಯ ದಪ್ಪ ಹಿಡಿಯನ್ನು ದಿನವಿಡೀ ಹಿಡಿದರೆ ಅವರ ಬೆರಳು ಮರಗಟ್ಟುತ್ತದೆ. ಯಾರು ಹಿಡಿಯುವವರೋ ಅವರೇ ಹೋಗಿ ಅಳತೆ ಕೊಡಬೇಕು.

ಮರೆಯಬಾರದ ಮತ್ತೊಂದು ವಿಷಯ ಉಂಟು. ಕಸಿಕತ್ತಿಗೆ ಒಂದೇ ಬದಿಯಲ್ಲಿ ಇಳಿಜಾರು ಕೊಟ್ಟು ಮಸೆಯುತ್ತಾರೆ, ಇನ್ನೊಂದು ಬದಿ ಚಪ್ಪಟೆ. ಉಳಿಸಿಕೊಳ್ಳುವ ಕಡ್ಡಿಯ ಕಡೆಗೆ ಚಪ್ಪಟೆ ಬದಿ ಬಂದರೆ ಕೊಯ್ತ ಸಮವಾಗಿ ಬರುತ್ತದೆ. ಹಾಗಾಗಿ ಬಲಗೈಯವರ ಕತ್ತಿ ಎಡಗೈಯವರಿಗೆ ಒಗ್ಗುವುದಿಲ್ಲ. ನೀವು ಎಡಗೈಯವರಾದರೆ ಮೊದಲೇ ಹೇಳಿಬಿಡಿ.

ಕಬ್ಬಿಣ ಯಾವುದು? ಬರೀ ಮೆದು ಕಬ್ಬಿಣಕ್ಕೆ ಹರಿತ ನಿಲ್ಲುವುದಿಲ್ಲ, ಉಕ್ಕೇ ಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕು ಪೆಟ್ಟು ತಡೆಯುತ್ತದೆ, ದೊಡ್ಡ ಕತ್ತಿಗೆ ಒಳ್ಳೆಯದು. ಹಳೆಯ ಒಳ್ಳೆಯ ಅರದ ಉಕ್ಕಿನಲ್ಲಿ ಇಂಗಾಲ ಅದಕ್ಕಿಂತ ಹೆಚ್ಚು, ಸಪೂರ ಬಾಯಿಯ ಹರಿತ ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಹದ ತಪ್ಪಿದರೆ ಗಾಜಿನ ಹಾಗೆ ಮುರಿಯುತ್ತದೆ. ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅದು ಗಟ್ಟಿಯಾಗುತ್ತದೆ. ಆಮೇಲೆ ಪುನಃ 200 ಡಿಗ್ರಿಗಿಂತ ಸ್ವಲ್ಪ ಮೇಲಕ್ಕೆ ಕಾಯಿಸಿ, ಬೈಹುಲ್ಲಿನ ಬಣ್ಣ ಬಂದಾಗ ನಿಲ್ಲಿಸಬೇಕು. ಹಿಡಿಯೊಳಗಿನ ಸ್ಪ್ರಿಂಗಿಗೆ ಇನ್ನೂ ಹೆಚ್ಚು ಕಾವು ಬೇಕು, ನೀಲಿ ಬಣ್ಣ ಬರುವ ತನಕ. ಅಲಗು ಗಟ್ಟಿ ಇರಬೇಕು, ಸ್ಪ್ರಿಂಗ್ ಬಳುಕಬೇಕು. ಎರಡಕ್ಕೂ ಒಂದೇ ಹದ ಹಾಕಿದ ಕತ್ತಿ ಬಾಳುವುದಿಲ್ಲ.

ಹಿಡಿಗೆ ಹಲಸು, ಹುಣಸೆ, ಸಾಗುವಾನಿ ಯಾವುದಾದರೂ ಆದೀತು. ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಚಂದಕ್ಕೆಂದು ಜಿಂಕೆ, ಕಡವೆಯ ಕೊಂಬು ಕೊಟ್ಟು ಹಿಡಿ ಹಾಕಿಸಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಮಾಡಿಸಿದವರ ಜೊತೆಗೆ ಮಾಡಿಕೊಟ್ಟ ಆಚಾರಿಗಳೂ ಕಷ್ಟಕ್ಕೆ ಸಿಕ್ಕಿಬೀಳುತ್ತಾರೆ.

ಕತ್ತಿ ತಯಾರಾಯಿತು. ಹಣ ಕೊಡುವ ಮುಂಚೆ ಐದು ಪರೀಕ್ಷೆ ಮಾಡಿ.

ಒಂದು: ಬಿಡಿಸಿ ಅಲಗನ್ನು ಅತ್ತ ಇತ್ತ ಮೆಲ್ಲಗೆ ಅಲ್ಲಾಡಿಸಿ. ಕೀಲಿನಲ್ಲಿ ಗಡಗಡ ಇರಬಾರದು.

ಎರಡು: ಮಡಚಿ ಬೆಳಕಿಗೆ ಹಿಡಿದು ನೋಡಿ. ಅಲಗು ಹಿಡಿಯ ನಡುವೆ ಕೂರಬೇಕು. ಹರಿತದ ಬಾಯಿ ಎಲ್ಲಿಯೂ ಸ್ಪ್ರಿಂಗಿಗೆ ತಾಗಬಾರದು, ತುದಿ ಹೊರಗೆ ಇಣುಕಬಾರದು.

ಮೂರು: ಬಿಡಿಸುವಾಗಲೂ ಮಡಚುವಾಗಲೂ ಕೊನೆಗೆ ಟಕ್ಕೆಂದು ಕೂರಬೇಕು. ತಾನಾಗಿ ಜೋತುಬೀಳುವ ಅಲಗು ಬೇಡವೇ ಬೇಡ.

ನಾಲ್ಕು: ಅಲಗಿನ ಬುಡದ ಹತ್ತಿರ ಹೊಸ ಅರವನ್ನು ಒಮ್ಮೆ ಉಜ್ಜಿಸಿ. ಅರ ಜಾರಬೇಕು ಅಥವಾ ಕಷ್ಟದಲ್ಲಿ ಕಚ್ಚಬೇಕು. ಸಲೀಸಾಗಿ ಕಚ್ಚಿದರೆ ಹದ ಹಿಡಿದಿಲ್ಲವೆಂದೇ ಅರ್ಥ.

ಐದು: ಪೆನ್ಸಿಲ್ ದಪ್ಪದ ಹತ್ತು ಹಸಿ ಗೇರುಕಡ್ಡಿಗಳನ್ನು ಓರೆಯಾಗಿ ಕೊಯ್ಯಿರಿ. ಹತ್ತನೆಯದೂ ಮೊದಲನೆಯದರಷ್ಟೇ ನುಣ್ಣಗೆ ಬರಬೇಕು.

ಇಲ್ಲಿ ಒಂದು ಎಚ್ಚರಿಕೆ. ಸ್ಪ್ರಿಂಗಿನ ಬಲದಲ್ಲಿ ಮಾತ್ರ ನಿಲ್ಲುವ ಮಡಚುಕತ್ತಿಗೆ ಬೀಗ ಇರುವುದಿಲ್ಲ. ಅದರಿಂದ ಚುಚ್ಚಿದರೆ, ಮೀಟಿದರೆ, ಅಲಗಿನ ಬೆನ್ನಿಗೆ ಒತ್ತು ಬಿದ್ದರೆ ಅದು ಮಡಚಿ ನಿಮ್ಮ ಬೆರಳನ್ನೇ ಕೊಯ್ಯುತ್ತದೆ. ತೆಂಗಿನಕಾಯಿಯ ಕಣ್ಣು ತೂತು ಮಾಡುವುದು, ಡಬ್ಬದ ಮುಚ್ಚಳ ಎಬ್ಬಿಸುವುದು ಈ ಕತ್ತಿಯ ಕೆಲಸವಲ್ಲ. ಗಾಯವಾದರೆ ಸಾಬೂನು ನೀರಲ್ಲಿ ತೊಳೆದು, ಬಟ್ಟೆ ಒತ್ತಿ ರಕ್ತ ನಿಲ್ಲಿಸಿ, ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂದು ಬೇರೆ ಹೇಳಬೇಕೇ?

ನಮ್ಮ ಕಡೆಯ ಮಳೆಗೆ ಇಂಥ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದೀತು. ಕೆಲಸ ಮುಗಿದ ಮೇಲೆ ಸೊನೆ ಒರಸಿ, ಒಣಗಿಸಿ, ಅಲಗಿಗೂ ಕೀಲಿಗೂ ಒಂದು ಹನಿ ಎಣ್ಣೆ ಬಿಡಿ. ರೋಗದ ಗಿಡ ಕೊಯ್ದ ಅಲಗನ್ನು ಸ್ಪಿರಿಟ್ಟಿನಲ್ಲಿ ಒರಸದೆ ಮುಂದಿನ ಗಿಡಕ್ಕೆ ತಾಗಿಸಬೇಡಿ. ಹರಿತ ಹೋದರೆ ನಯವಾದ ಸಾಣೆಕಲ್ಲಿಗೆ ನೀರು ಹಾಕಿ ಕೈಯಲ್ಲೇ ಮಸೆಯಿರಿ, ಇಳಿಜಾರಿನ ಬದಿಯನ್ನು ಮಾತ್ರ. ಕರೆಂಟಿನ ಸಾಣೆಚಕ್ರಕ್ಕೆ ಕೊಟ್ಟರೆ ಬಾಯಿ ಕಾದು ನೀಲಿಯಾಗಿ ಹದ ಹೋಗಿಬಿಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕತ್ತಿಗೂ ಸಲ್ಲುತ್ತದೆ.

ವರ್ಷಕ್ಕೆ ಹತ್ತು ಗಿಡ ಕಟ್ಟುವವರಿಗೆ ಹೊಸ ಬ್ಲೇಡೇ ಸಾಕು, ದುಡ್ಡು ಹಾಕಬೇಕಾಗಿಲ್ಲ. ನೂರಾರು ಕಟ್ಟುವವರು ಮಾತ್ರ ಆಲೋಚನೆ ಮಾಡಿ. ಪೇಟೆಯ ಕತ್ತಿಯ ಕೀಲು ಸಡಿಲವಾದರೆ ಅದು ಗುಜರಿಗೆ. ಕುಲುಮೆಯ ಕತ್ತಿಯ ಕೀಲು ಸಡಿಲವಾದರೆ ಮಾಡಿದವರ ಹತ್ತಿರವೇ ಒಯ್ದು ಬಿಗಿ ಮಾಡಿಸಬಹುದು. ಆದರೆ ಹಾಗೆ ಒಯ್ಯಬೇಕಾದರೆ ಊರಿನಲ್ಲಿ ಕುಲುಮೆ ಇರಬೇಕಷ್ಟೆ. ಕೆಲಸ ಹೇಳುವವರು ಇದ್ದರೆ ಮಾತ್ರ ಅದರ ಬೆಂಕಿ ಆರದೆ ಉಳಿದೀತು.